ದಿನಕ್ಕೊಂದೇ ಪಟ

ಬೀದರಿನಲ್ಲಿ ಬೆಳ್ಳಿ ಎರಡು ಬಗೆಯ ಚಿತ್ರ ಬರೆದಿದೆ. ಒಂದು ಬಿದ್ರಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೈಯನ್ನು ಉಳಿಯಿಂದ ಕೊರೆದು, ಕೊರೆದ ಗೆರೆಯೊಳಗೆ ಬೆಳ್ಳಿಯ ತಂತಿ ಕೂಡಿಸಿ, ಕೋಟೆಯ ಮಣ್ಣು ಮತ್ತು ನವಸಾಗರ ಕುದಿಸಿದ ನೀರಿನಲ್ಲಿ ಅದ್ದಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಇನ್ನೊಂದು ಹಳೆಯ ಕಾಲದ ಫೋಟೊ. ಅಲ್ಲಿ ಎಲ್ಲ ತಿರುಗುಮುರುಗು. ಗಾಜಿನ ಫಲಕದ ಮೇಲಿನ ಬೆಳ್ಳಿಯ ಲವಣಕ್ಕೆ ಬೆಳಕು ತಾಗಿದ ಕಡೆ ಬೆಳ್ಳಿಯೇ ಕಪ್ಪಾಗುತ್ತದೆ.

ಈ ಎರಡನೆಯ ಬೆಳ್ಳಿಯನ್ನು ಹೊತ್ತು ಬೀದರಿಗೆ ಬಂದವರಲ್ಲಿ ದೊಡ್ಡ ಹೆಸರು ರಾಜಾ ದೀನ್ ದಯಾಳ್ ಅವರದು. ರೂರ್ಕಿಯಲ್ಲಿ ಎಂಜಿನಿಯರಿಂಗ್ ಓದಿ, ಇಂದೋರಿನಲ್ಲಿ ನೌಕರಿ ಮಾಡಿ, ಆಮೇಲೆ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕರಾದವರು. 1880ರ ದಶಕದಲ್ಲಿ ಅವರು ತೆಗೆದ ಮಹಮೂದ್ ಗವಾನನ ಮದರಸಾದ ಪಟ ಇಂದಿಗೂ ಇದೆ. 1472ರಲ್ಲಿ ಕಟ್ಟಿಸಿದ ಆ ವಿದ್ಯಾಲಯದ ಒಂದು ಭಾಗ 1696ರಲ್ಲಿ ಮದ್ದು ಸಿಡಿದು ಹಾರಿಹೋಗಿತ್ತು. ಉಳಿದ ಮಿನಾರು, ಉದುರದೆ ನಿಂತ ಬಣ್ಣದ ಹೆಂಚು ಎಲ್ಲವನ್ನೂ ದೀನ್ ದಯಾಳರ ಕ್ಯಾಮೆರಾ ನೋಡಿತು. 1947ರಲ್ಲಿ ಗುಲಾಂ ಯಜ್ದಾನಿ ಅವರು ಬೀದರಿನ ಇತಿಹಾಸ ಮತ್ತು ಸ್ಮಾರಕಗಳ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲೂ ಕೋಟೆ, ರಂಗೀನ ಮಹಲು, ಅಷ್ಟೂರಿನ ಗುಂಬಜುಗಳು ಪಟಗಳಾಗಿ ಬಂದವು. ಬೀದರ್ ಎಂದರೆ ಕಲ್ಲು, ಕಮಾನು, ಗೋರಿ ಎಂದು ಕ್ಯಾಮೆರಾಕ್ಕೆ ಆಗಲೇ ರೂಢಿಯಾಯಿತು. ಇಲ್ಲಿ ಬದುಕುವವರಿಗೂ ಆ ರೂಢಿ ಅಂಟಿದೆ. ನೆಂಟರು ಬಂದರೆ ಅವರನ್ನು ಕೋಟೆಯ ಮುಂದೆ ನಿಲ್ಲಿಸಿ ಫೋಟೊ ತೆಗೆಯುತ್ತೇವೆ. ಊರ ನಡುವಿನ ಚೌಬಾರಾ ಗೋಪುರದಿಂದ ನಾಲ್ಕು ಹೆಜ್ಜೆ ಒಳಗೆ, ಓಣಿಯಲ್ಲಿ ಕೂತು ಬೆಳ್ಳಿ ತಂತಿ ಬಡಿಯುವವನ ದಿನ ಯಾರ ಪಟದಲ್ಲೂ ಬರುತ್ತಿರಲಿಲ್ಲ.

ಆ ದಿನ ಪಟದೊಳಗೆ ಬಂದದ್ದು ಹೇಗೆ ಎಂಬುದೇ ನಾನು ಹೇಳಬೇಕೆಂದಿರುವ ಕತೆ. ಅದರ ಒಂದು ತುದಿ ಅಮೆರಿಕದಲ್ಲಿದೆ.

1943ರಲ್ಲಿ ಎಡ್ವಿನ್ ಲ್ಯಾಂಡ್ ಎಂಬ ವಿಜ್ಞಾನಿ ಮನೆಯವರೊಂದಿಗೆ ಸಾಂಟಾ ಫೆ ಎಂಬ ಊರಿಗೆ ರಜೆಗೆ ಹೋಗಿದ್ದರು. ಅಪ್ಪ ಫೋಟೊ ತೆಗೆದದ್ದನ್ನು ಕಂಡ 3 ವರ್ಷದ ಮಗಳು ಜೆನಿಫರ್, ಅದನ್ನು ಈಗಲೇ ಯಾಕೆ ನೋಡಬಾರದು ಎಂದು ಕೇಳಿದಳು. ಲ್ಯಾಂಡ್ ಮಗುವಿನ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಊರು ಸುತ್ತಿದರು. ಸುತ್ತಿ ಬರುವಷ್ಟರಲ್ಲಿ ಉತ್ತರದ ಮುಖ್ಯ ಭಾಗ ಹೊಳೆದಿತ್ತು: ಕತ್ತಲೆ ಕೋಣೆಯ ಕೆಲಸವನ್ನೆಲ್ಲ ಪಟದೊಳಗೇ ಇಡಬೇಕು. ರಾಸಾಯನಿಕವನ್ನು ಪುಟ್ಟ ಚೀಲದಲ್ಲಿ ತುಂಬಿ ಕಾಗದಕ್ಕೆ ಅಂಟಿಸಬೇಕು, ಕ್ಯಾಮೆರಾದಿಂದ ಹೊರಬರುವಾಗ ಎರಡು ಉರುಳೆಗಳ ನಡುವೆ ಆ ಚೀಲ ಒಡೆದು ಪದರಗಳ ನಡುವೆ ಸಮನಾಗಿ ಹರಡಬೇಕು. 1947ರಲ್ಲಿ ಅವರು ಇದನ್ನು ವಿಜ್ಞಾನಿಗಳ ಮುಂದೆ ಮಾಡಿ ತೋರಿಸಿದರು, 1948ರಲ್ಲಿ ಬಾಸ್ಟನ್ನಿನ ಅಂಗಡಿಯಲ್ಲಿ ಕ್ಯಾಮೆರಾ ಮಾರಾಟಕ್ಕೆ ಬಂತು. ಮೇಲಿನ ಪದರ ಸುಲಿಯುವ ಗೊಡವೆಯಿಲ್ಲದೆ, ಹೊರಬಂದ ಪಟ ಕಣ್ಣೆದುರೇ ತಾನಾಗಿ ಮೂಡುವ ಎಸ್‌ಎಕ್ಸ್-70 ಎಂಬ ಮಡಚುವ ಕ್ಯಾಮೆರಾ ಬರಲು 1972ರವರೆಗೆ ಕಾಯಬೇಕಾಯಿತು. ಮಗುವಿನ ಒಂದು ಮಾತಿಗೆ ಪೂರ್ತಿ ಉತ್ತರ ಕೊಡಲು ಹೆಚ್ಚುಕಡಿಮೆ ಮೂರು ದಶಕ ಹಿಡಿಯಿತು.

ಅಂಥದೊಂದು ಎಸ್‌ಎಕ್ಸ್-70 ಜೇಮಿ ಲಿವಿಂಗ್‌ಸ್ಟನ್ ಎಂಬ ತರುಣನ ಕೈಗೆ ಬಂತು. ನ್ಯೂಯಾರ್ಕ್ ರಾಜ್ಯದ ಬಾರ್ಡ್ ಕಾಲೇಜಿನಲ್ಲಿ ಓದುತ್ತಿದ್ದವನು. 1979ರ ಮಾರ್ಚ್ 31ರಿಂದ ಅವನು ಪಟ ತೆಗೆಯತೊಡಗಿದ. ಯೋಜನೆ, ಸಂಕಲ್ಪ ಏನೂ ಇರಲಿಲ್ಲ. ಕೆಲವು ವಾರ ಕಳೆದ ಮೇಲೆ ತೆಗೆದ ಪಟಗಳನ್ನು ನೋಡಿದರೆ, ದಿನಕ್ಕೆ ಸರಿಸುಮಾರು ಒಂದರಂತೆ ಇದ್ದವು. ಹಾಗಾದರೆ ಹೀಗೇ ಮುಂದುವರಿಸೋಣ ಎಂದುಕೊಂಡ. ಇಡೀ ಕತೆಯಲ್ಲಿ ನನಗೆ ಬಹಳ ಇಷ್ಟವಾದದ್ದು ಇದು. ದಿನಕ್ಕೊಂದು ಪಟ ಎಂಬುದನ್ನು ಅವನು ಕಟ್ಟಿದ್ದಲ್ಲ, ತಾನು ಆಗಲೇ ಮಾಡುತ್ತಿದ್ದುದರಲ್ಲಿ ಕಂಡುಕೊಂಡದ್ದು.

ಆ ಪಟಗಳಲ್ಲಿ ಇರುವುದು ಗೆಳೆಯರು. ಸಂಗೀತ ನುಡಿಸುವವರು, ಸಿನಿಮಾ ಮಾಡುವವರು, ಸರ್ಕಸ್ ಆಡುವವರು, ಊಟಕ್ಕೆ ಕೂತವರು, ಸುಮ್ಮನೆ ಒರಗಿದವರು. ಎಷ್ಟೋ ದಿನ ಯಾರೂ ಇಲ್ಲ, ಬರೀ ಒಂದು ಮೇಜು ಅಥವಾ ಕಿಟಕಿ. ಆಮೇಲೆ ಎಷ್ಟೇ ಸೊಗಸಾದ ನೋಟ ಎದುರಾದರೂ ಆ ದಿನದ ಪಟ ಮುಗಿದಿದ್ದರೆ ಮುಗಿಯಿತು. ಹೀಗೆ 18 ವರ್ಷ. 1997ರ ಅಕ್ಟೋಬರ್ 25ರಂದು, ತನ್ನ 41ನೆಯ ಹುಟ್ಟುಹಬ್ಬದ ದಿನವೇ, ಮಿದುಳಿನ ಗಡ್ಡೆಯಿಂದ ಜೇಮಿ ತೀರಿಕೊಂಡ. ಆ ದಿನದ ಪಟವೂ ಇದೆ. ಒಟ್ಟು 6,697 ಪಟಗಳನ್ನು ಅವನ ಗೆಳೆಯರಾದ ಹ್ಯೂ ಕ್ರಾಫರ್ಡ್ ಮತ್ತು ಬೆಟ್ಸಿ ರೀಡ್ ಒಂದೊಂದಾಗಿ ಮತ್ತೆ ಪ್ರತಿ ಮಾಡಿ, ದಿನಾಂಕದ ಸಾಲಿನಲ್ಲಿ ಜೋಡಿಸಿ, 2007ರಲ್ಲಿ ಅದೇ ಬಾರ್ಡ್ ಕಾಲೇಜಿನ ಗೋಡೆಯ ಮೇಲೆ ಪ್ರದರ್ಶನಕ್ಕಿಟ್ಟರು. ತೆಗೆದವನು ಒಬ್ಬ, ಉಳಿಸಿದವರು ಗೆಳೆಯರು.

ಜೇಮಿ ತೀರಿಕೊಂಡ 1997ರಲ್ಲೇ, ಜೂನ್ 11ರಂದು, ಫಿಲಿಪ್ ಕಾನ್ ಎಂಬ ಎಂಜಿನಿಯರ್ ಕ್ಯಾಲಿಫೋರ್ನಿಯಾದ ಆಸ್ಪತ್ರೆಯಲ್ಲಿ ಆಗಷ್ಟೇ ಹುಟ್ಟಿದ ಮಗಳ ಫೋಟೊ ತೆಗೆದು, ಮೊಬೈಲಿಗೆ ಜೋಡಿಸಿದ ಕ್ಯಾಮೆರಾದಿಂದ ನೆಂಟರಿಷ್ಟರಿಗೆ ಕಳಿಸಿದ. ಲ್ಯಾಂಡರ ಕ್ಯಾಮೆರಾದ ಹಿಂದೆಯೂ ಒಬ್ಬ ಮಗಳು, ಇದರ ಹಿಂದೆಯೂ ಒಬ್ಬ ಮಗಳು. ಅಂಥ ಮೊಬೈಲ್ ಕ್ಯಾಮೆರಾ ಈಗ ನಮ್ಮ ಬೀದರ್ ಜಿಲ್ಲೆಯ ಔರಾದಿನ ಸಂತೆಯಲ್ಲಿ ಸೊಪ್ಪು ಮಾರುವವರ ಸೆರಗಿನ ಗಂಟಿನಲ್ಲೂ ಇದೆ.

ನಮ್ಮ ಗೆಳೆಯರ ಕೂಟದಲ್ಲಿ ಬೀದರಿನ ಒಬ್ಬ ಬಿದ್ರಿ ಕೆಲಸಗಾರ, ಭಾಲ್ಕಿಯ ಒಬ್ಬ ಡ್ರಾಯಿಂಗ್ ಮಾಸ್ತರ, ಔರಾದಿನಲ್ಲಿ ಹೊಲಿಗೆ ಅಂಗಡಿ ನಡೆಸುವ ಅಕ್ಕ ಮತ್ತು ಬರೆಯುವ ಚಟದ ನಾನು ಇದ್ದೇವೆ. ಮೊಬೈಲ್ ಬಂದ ಮೇಲೆ ಫೋಟೊಕ್ಕೆ ಬರವಿರಲಿಲ್ಲ. ಒಂದೊಂದು ಹೂದಾನಿಯನ್ನು ಮೇಲಿನಿಂದ, ಕೆಳಗಿನಿಂದ, ಬಿಸಿಲಿಗೆ ಹಿಡಿದು ತೆಗೆಯುತ್ತಿದ್ದೆವು. ನೋಡುವಾಗ ಯಾವುದೂ ಕಣ್ಣಿಗೆ ನಿಲ್ಲುತ್ತಿರಲಿಲ್ಲ. ಒಂದು ಸಂಜೆ ಬಿದ್ರಿ ಗೆಳೆಯ ನನ್ನ ಕೈ ಹಿಡಿದು ಕೇಳಿದ:

‘ಭೈ, ಮಾಲ್ ತಯಾರಾದ ಮ್ಯಾಲೇ ಬರ್ತಿ, ಹೊಳಪು ಬಂದ ಮ್ಯಾಲೇ ತೆಗಿತಿ. ನಾ ಕೂತು ಮಾಡ್ಲತ್ತಾಗ ಎಲ್ಲಿರ್ತಿ?’

‘ನೀ ಮಾಡೋದು ಒಂದಿನದ್ದಲ್ಲಲ್ಲೋ.’

‘ಅದಕ್ಕೇ ಹೇಳ್ಲತ್ತೀನಿ. ದಿನಾ ಬಾ. ಒಂದೇ ತೆಗಿ.’

ಅದೇ ನಮ್ಮ ಮೊದಲ ನೇಮವಾಯಿತು. ಲಿವಿಂಗ್‌ಸ್ಟನ್ ಹೆಸರು ಅವನು ಕೇಳಿದವನಲ್ಲ. ಎಸ್‌ಎಕ್ಸ್-70ರ ಒಂದು ಪೊಟ್ಟಣದಲ್ಲಿ ಹತ್ತೇ ಪಟ ಇರುತ್ತಿದ್ದುದರಿಂದ ಆ ತರುಣನಿಗೆ ಕೈಬಿಗಿ ತಾನಾಗಿ ಬಂದಿತ್ತು. ನಮಗೆ ಅದನ್ನು ಕಲಿಸಿದ್ದು ಬಿದ್ರಿಯ ನಡಿಗೆ. ಬಿದ್ರಿ ಕೆಲಸಕ್ಕೆ ಹಂತಗಳಿವೆ, ಹಂತಕ್ಕೊಂದು ಕೈ ಇದೆ. ಮೊದಲ ದಿನ ಮರಳಿನ ಅಚ್ಚಿನಲ್ಲಿ ಎರಕ. ಅಚ್ಚು ಒಡೆದಾಗ ಸಿಗುವುದು ಮಾಸಲು ಬೂದು ಬಣ್ಣದ, ಒರಟು ಮೈಯ ಪಾತ್ರೆ. ಅದನ್ನು ಕಂಡರೆ ಯಾರೂ ಬಿದ್ರಿ ಎನ್ನಲಾರರು. ಮರುದಿನ ಅರದಿಂದ ಉಜ್ಜಿ ನಯ ಮಾಡುವುದು. ಆಮೇಲೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಬರೆದ ಗೆರೆ ಎದ್ದು ಕಾಣಲಿ ಎಂದು. ಅದರ ಮೇಲೆ ಉಕ್ಕಿನ ಮೊನೆಯಿಂದ ಬಳ್ಳಿ, ಹೂವು, ಎಲೆ. ಅನುಭವಿ ಕೈ ಅಳತೆ ಹಾಕದೆಯೇ ಬರೆಯುತ್ತದೆ. ನಂತರ ಪಾತ್ರೆಯನ್ನು ಅಲುಗದಂತೆ ಮೇಣದಲ್ಲಿ ಕೂಡಿಸಿ ಉಳಿಯಿಂದ ಕೊರೆತ. ಇದು ದಿನಗಟ್ಟಲೆ ನಡೆಯುತ್ತದೆ, ನಾನು ದಿನವೂ ಹೋದರೆ ಅದೇ ಕೈ, ಅದೇ ಉಳಿ, ಬಳ್ಳಿ ಮಾತ್ರ ಬೆರಳಗಲ ಮುಂದೆ ಹೋಗಿರುತ್ತದೆ. ಕೊರೆದ ಗೆರೆಯೊಳಗೆ ಬೆಳ್ಳಿ ತಂತಿ ಇಟ್ಟು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾರೆ. ಮತ್ತೆ ಉಜ್ಜಿದಾಗ ಮೊದಲಿನ ಕಪ್ಪೆಲ್ಲ ಹೋಗಿ, ಬೆಳ್ಳಿ ಯಾವುದು ಸತು ಯಾವುದು ಎಂದು ಗೊತ್ತೇ ಆಗದ ಹಾಗೆ ಇಡೀ ಪಾತ್ರೆ ಬಿಳಿಚಿಕೊಳ್ಳುತ್ತದೆ. ಅಷ್ಟು ದಿನದ ಕುಸುರಿಯೆಲ್ಲ ಮಾಯವಾದಂತೆ ಕಾಣುವ ಆ ದಿನದ ಪಟ ನಮ್ಮಲ್ಲಿ ಎಲ್ಲರಿಗೂ ಅಚ್ಚುಮೆಚ್ಚು. ಕೊನೆಗೆ ಮಣ್ಣು. ಕೋಟೆಯೊಳಗೆ ಬಿಸಿಲು ಮಳೆ ತಾಗದ ಜಾಗದ ಮಣ್ಣೇ ಬೇಕು. ಅದು ಸರಿಯಾದದ್ದೋ ಅಲ್ಲವೋ ಎಂದು ನಾಲಿಗೆಗೆ ಹಚ್ಚಿ ನೋಡುತ್ತಾರೆ. ಕಾದ ಪಾತ್ರೆಯನ್ನು ಆ ನೀರಿಗೆ ಬಿಟ್ಟು ತೆಗೆದಾಗ ಕಪ್ಪಿನ ನಡುವಿಂದ ಬಳ್ಳಿ ಮರಳಿ ಬರುತ್ತದೆ.

2006ರಲ್ಲಿ ಬಿದ್ರಿಗೆ ಭೌಗೋಳಿಕ ಗುರುತು ಸಿಕ್ಕಿತು. 2023ರಲ್ಲಿ ಇಲ್ಲಿನ ಹಿರಿಯ ಕಲಾವಿದ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಎರಡೂ ಸಲ ಪತ್ರಿಕೆಗಳಲ್ಲಿ ಹೊಳೆಯುವ ಪಾತ್ರೆಗಳ ಪಟ ನೋಡಿದೆವು, ಹೆಮ್ಮೆಪಟ್ಟೆವು. ಆದರೂ ನನ್ನ ಮಟ್ಟಿಗೆ ಬಿದ್ರಿ ಎಂದರೆ ಆ ಬಿಳಿಚಿದ ದಿನವೂ ಸೇರಿದ್ದು.

ಭಾಲ್ಕಿಯ ಮಾಸ್ತರರ ಕತೆ ಬೇರೆ. ಅವರ ಕಲೆಗೆ ಒಂದು ದಿನದ ಆಯಸ್ಸೂ ಇಲ್ಲ. ಬೆಳಗ್ಗೆ ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ತೊಗರಿ ಗಿಡ, ಭಾಲ್ಕಿ ಕೋಟೆ, ದೇವಣಿ ಎತ್ತು ಬರೆಯುತ್ತಾರೆ. ಮುಂದಿನ ಪಿರಿಯಡ್ಡಿಗೆ ಗಣಿತದ ಮಾಸ್ತರರು ಒರೆಸುತ್ತಾರೆ. ಅಲ್ಲಿ ಪಟ ತೆಗೆಯುವ ಕೆಲಸ ಒರೆಸುವ ಮೊದಲಿನ ಒಂದು ನಿಮಿಷದ್ದು. ಭಾಲ್ಕಿಯಲ್ಲಿ ಹಲಗೆಗೆ ದೊಡ್ಡ ಚರಿತ್ರೆಯೇ ಇದೆ. ನಿಜಾಮರ ಕಾಲದಲ್ಲಿ ಶಾಲೆಯ ಭಾಷೆ ಉರ್ದುವಾಗಿದ್ದಾಗ, ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಆ ಕತೆಯನ್ನು ಭಾಲ್ಕಿಯವರು ಬಾಯಿಂದ ಬಾಯಿಗೆ ದಾಟಿಸಿಕೊಂಡು ಬಂದಿದ್ದಾರೆ. ಒಳಗಿನ ಆ ಹಲಗೆಯ ಮೇಲೆ ಒಂದು ಸಾಧಾರಣ ಮಂಗಳವಾರ ಏನು ಬರೆದಿತ್ತು ಎಂದು ನೋಡುವ ಆಸೆ ನನಗೆ ತೀರದು. ಮಾಸ್ತರರಿಗೂ ಅದೇ ಆಸೆ, ಅದಕ್ಕೇ ಅವರು ಒಂದು ದಿನವನ್ನೂ ತಪ್ಪಿಸುವುದಿಲ್ಲ.

ಔರಾದಿಗೆ ಹೋಗುವಾಗ ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲಿನ ದಿಬ್ಬ ಇಳಿದು, ಮಾಂಜ್ರಾ ದಾಟಿ, ಕರಿ ಎರೆಯ ನೆಲಕ್ಕೆ ಬರುತ್ತೇವೆ. ಅಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ಒಂದೇ ಕಟ್ಟೆಯ ಮೇಲೆ ಕೂತಿರುತ್ತವೆ. ಹೊಲಿಗೆ ಅಕ್ಕನ ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಓಣಿಯ ಹೆಂಗಸರು ಮಧ್ಯಾಹ್ನ ಕೌದಿ ಹಾಕುತ್ತಾರೆ. ಹಳೆ ಸೀರೆ, ಧೋತರ, ಕುಪ್ಪಸದ ಚೂರು ಪದರ ಪದರವಾಗಿ ಹಾಸಿ, ಅಂಚಿನಿಂದ ಒಳಮುಖವಾಗಿ ದಾರದ ಸಾಲು. ನಾನು ಮೊಬೈಲ್ ಹಿಡಿದು ಹೋದರೆ ಅವರು ಸೆರಗು ಎಳೆದುಕೊಂಡು ಕೆಲಸ ನಿಲ್ಲಿಸುತ್ತಿದ್ದರು. ಅಕ್ಕ ಮೊಬೈಲ್ ಕಸಿದುಕೊಂಡಳು. ‘ನೀ ಹೊರಗ ಚಾ ಕುಡಿ ಹೋಗು ತಮ್ಮಾ, ನಮ್ಮ ಪಟ ನಾವೇ ತೆಗಿತೀವಿ’ ಎಂದಳು. 1892ರಲ್ಲಿ ದೀನ್ ದಯಾಳರು ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಸ್ಟುಡಿಯೊ ತೆರೆದು, ಅದನ್ನು ಒಬ್ಬ ಮಹಿಳೆಯ ಕೈಗೇ ಕೊಟ್ಟಿದ್ದರು. ಅಕ್ಕನ ಪಟಗಳು ಬಂದ ಮೇಲೆ ಅದರ ಅರ್ಥ ನನಗೆ ಸರಿಯಾಗಿ ಆಯಿತು. ಅವಳ ಪಟದಲ್ಲಿ ನಗು ಇದೆ, ಹಲ್ಲಿನಿಂದ ದಾರ ಕಡಿಯುವ ಆಯಿ ಇದ್ದಾಳೆ, ಅರ್ಧ ಕೌದಿಯ ಮೇಲೆ ಮಲಗಿದ ಕೂಸು ಇದೆ. ಹೊರಗಿನವನಾದ ನನಗೆ ಆ ಪಡಸಾಲೆ ಎಂದೂ ಹಾಗೆ ಕಾಣುತ್ತಿರಲಿಲ್ಲ. ಅಂದಿನಿಂದ ನಮ್ಮ ಎರಡನೆಯ ನೇಮ: ಯಾರ ಜೊತೆ ಕೈಗಳು ಸಲೀಸಾಗಿ ಇರುತ್ತವೋ ಅವರೇ ಪಟ ತೆಗೆಯಬೇಕು.

ಒಂದು ವಿಷಯಕ್ಕೆ ನಮ್ಮಲ್ಲಿ ಜಗಳವೇ ಆಯಿತು. ಬೆಳ್ಳಿಯ ಬೆಲೆ ಏರಿದಾಗ ಬಿದ್ರಿ ಗೆಳೆಯ ಕೈಕಟ್ಟಿ ಕೂರಬೇಕಾಗುತ್ತದೆ. ಆರ್ಡರ್ ಇಲ್ಲದೆ ಬೆಳ್ಳಿ ಕೊಳ್ಳುವಂತಿಲ್ಲ. ಅಂಥ ದಿನ ಬರೀ ಚಾಪೆ, ಸಾಲಾಗಿ ಮಲಗಿಸಿದ ಉಳಿಗಳು. ಮಾಸ್ತರರು ಅದನ್ನು ಬಿಡೋಣ ಎಂದರು, ನೋಡಿದವರಿಗೆ ಬೇಸರ ಎಂದರು. ಗೆಳೆಯ ಒಪ್ಪಲಿಲ್ಲ. ‘ಮಾಸ್ತರ್ರ, ಪ್ರದರ್ಶನದಾಗ ನಮ್ಮ ಖಾಲಿ ದಿನ ಯಾರೂ ಇಡಂಗಿಲ್ರಿ. ಇಲ್ಲಿನೂ ಬ್ಯಾಡಂದ್ರ ಎಲ್ಲಿ ಇಡಬೇಕು?’ ಎಂದ. ಆ ಪಟಗಳೂ ಸಾಲಿನಲ್ಲಿ ಸೇರಿದವು. ಬೆಳ್ಳಿ ತುಟ್ಟಿಯಾದ ತಿಂಗಳು ಯಾವುದು ಎಂದು ಈಗ ನಮ್ಮ ಪಟಗಳ ಕಟ್ಟು ತೆರೆದರೆ ತಿಳಿಯುತ್ತದೆ: ಚಾಪೆಯ ಪಟ ಒಂದರ ಹಿಂದೆ ಒಂದು ಬರುತ್ತದೆ.

ಮೊಬೈಲಿನಲ್ಲಿಟ್ಟರೆ ಮೊಬೈಲ್ ಕೆಟ್ಟ ದಿನ ಎಲ್ಲ ಹೋಗುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ಬೀದರಿನ ಸ್ಟುಡಿಯೊದಲ್ಲಿ ಪ್ರಿಂಟ್ ಹಾಕಿಸುತ್ತೇವೆ. ಬೆನ್ನಿಗೆ ಪೆನ್ಸಿಲಿನಲ್ಲಿ ದಿನಾಂಕ, ಊರು, ಯಾರ ಕೈಯ ಕೆಲಸ, ಯಾರು ತೆಗೆದದ್ದು ಎಂದು ಬರೆಯುತ್ತೇವೆ. ಶಾಯಿಯಾದರೆ ಮುಂದಿನ ಪಟಕ್ಕೆ ಅಂಟುತ್ತದೆ. ಪಡಸಾಲೆಯ ಹೆಂಗಸರಿಗೆ ಅವರವರ ಪ್ರತಿ ಮೊದಲು ಹೋಗುತ್ತದೆ, ಅವರು ಬೇಡವೆಂದದ್ದು ಕಟ್ಟಿಗೆ ಸೇರುವುದಿಲ್ಲ. ಎಲ್ಲರೂ ಕೂಡುವ ಪಾಳಿ ಈ ತಿಂಗಳು ಭಾಲ್ಕಿಯದು. ಬೀದರಿನಿಂದ ರೈಲು ಹತ್ತಿ ಮಾಸ್ತರರ ಮನೆಗೆ ಹೋಗಬೇಕು, ಔರಾದಿನ ಅಕ್ಕ ಮುಗಿದ ಕೌದಿಯನ್ನೂ ತರುತ್ತೇನೆಂದಿದ್ದಾಳೆ.