ಬಾನೆಟ್ ಒಳಗಿನ ಸದ್ದು

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಎಷ್ಟೋ ಮನೆಗಳಲ್ಲಿ ಕಾರು ಈಗ ಆಡಂಬರದ ವಸ್ತುವಾಗಿ ಉಳಿದಿಲ್ಲ. ಅವುಗಳಲ್ಲಿ ಒಂದೆರಡು ಕೈ ದಾಟಿ ಬಂದ ಹಳೆಯ ಗಾಡಿಗಳೂ ಬೇಕಾದಷ್ಟಿವೆ. ಮಾರುತಿ 800ರ ತಯಾರಿಕೆ 2014ರಲ್ಲಿ, ಓಮ್ನಿಯದು 2019ರಲ್ಲಿ ನಿಂತಿತು. ಆದರೂ ಮದುವೆ, ಆಸ್ಪತ್ರೆ, ತವರುಮನೆ ಎಂದು ಅವು ಓಡುತ್ತಲೇ ಇವೆ. ಇಂತಹ ಗಾಡಿಯಲ್ಲಿ ಹೊಸ ಸದ್ದೊಂದು ಹುಟ್ಟಿದರೆ ಅದು ಮೊದಲು ಕೇಳಿಸುವುದು ಅನೇಕ ಸಲ ಪಕ್ಕದಲ್ಲಿ ಕುಳಿತ ಮನೆಯಾಕೆಗೆ. ಕುಕ್ಕರಿನ ಶಬ್ದದಿಂದಲೇ ನೀರು ಕಡಿಮೆಯಾಯಿತೆಂದು ತಿಳಿಯುವ ಕಿವಿ ಅದು. "ಏನೋ ಸದ್ದು ಬರ್ತಿದೆಯಲ್ಲ?" ಎಂದರೆ "ಹಳೇ ಗಾಡಿ, ಸದ್ದು ಇದ್ದದ್ದೇ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಹಳೆಯ ಗಾಡಿ ಸದ್ದು ಮಾಡುತ್ತದೆ, ನಿಜ. ಆದರೆ ನಿನ್ನೆ ಇಲ್ಲದ ಸದ್ದು ಇಂದು ಬಂದಿದ್ದರೆ ಈ ಉತ್ತರಕ್ಕೆ ಸುಮ್ಮನಾಗಬೇಡಿ.

ನಮ್ಮ ಕಡೆಯವರಿಗೆ ಇದು ಇನ್ನೂ ಮುಖ್ಯ. ಗುಂಡ್ಲುಪೇಟೆಯಿಂದ ಒಂದು ರಸ್ತೆ ವಯನಾಡಿಗೆ, ಇನ್ನೊಂದು ಊಟಿಗೆ ಹೋಗುತ್ತದೆ. ಎರಡೂ ಬಂಡೀಪುರದ ಕಾಡನ್ನು ಹಾದು ಹೋಗುವಂಥವು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ವಾಹನ ಸಂಚಾರಕ್ಕೆ 2009ರಿಂದ ನಿರ್ಬಂಧವಿದೆ. ಕಾಡಿನೊಳಗೆ ಗ್ಯಾರೇಜಿಲ್ಲ, ಗಾಡಿ ನಿಲ್ಲಿಸಿ ಇಳಿಯುವಂತಿಲ್ಲ. ಊಟಿಗೆ ಮಸಿನಗುಡಿ ಮೇಲಿನಿಂದ ಹೋದರೆ ಕಲ್ಹಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳು. ಮುದಿ ಎಂಜಿನ್‌ಗೆ ಅದು ದೊಡ್ಡ ಪರೀಕ್ಷೆ. ಆದ್ದರಿಂದ ತೆರಕಣಾಂಬಿಯ ಹತ್ತಿರ ಕೇಳಿಸಿದ ಸದ್ದಿಗೆ ಗುಂಡ್ಲುಪೇಟೆಯಲ್ಲೇ ಉತ್ತರ ಹುಡುಕಿಕೊಳ್ಳಬೇಕು.

ಮೆಕ್ಯಾನಿಕ್ ಬಳಿ ಹೋಗಿ "ಗಾಡಿ ಸೌಂಡ್ ಮಾಡ್ತಿದೆ ಭಾಯ್" ಎಂದರೆ ಅವರಿಗೆ ಏನೂ ಹೇಳಿದಂತಾಗುವುದಿಲ್ಲ. ಡಾಕ್ಟರಿಗೆ "ನೋವು" ಎಂದಷ್ಟೇ ಹೇಳಿ ಕುಳಿತಂತೆ ಅದು. ಮೊದಲು ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರ್ ಸ್ವಲ್ಪ ಒತ್ತಿ ನೋಡಲು ಹೇಳಿ. ಸದ್ದೂ ಜೊತೆಗೇ ಏರಿದರೆ ದೋಷ ಎಂಜಿನ್ ಕಡೆಯದು. ನಿಂತಾಗ ಇಲ್ಲದೆ, ಚಕ್ರ ಉರುಳಿದಾಗ ಮಾತ್ರ ಬರುವುದಾದರೆ ವೀಲ್ ಬೇರಿಂಗ್, ಬ್ರೇಕ್ ಅಥವಾ ಟೈರು ನೋಡಬೇಕು. ಕ್ಲಚ್ ಒತ್ತಿದಾಗ ಸದ್ದು ಬದಲಾಗುತ್ತದೆಯೇ? ಬೆಳಿಗ್ಗೆ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಎ.ಸಿ. ಹಾಕಿದಾಗ ಮಾತ್ರವೋ? ಇಷ್ಟನ್ನು ಹೇಳಿದರೆ ಮೆಕ್ಯಾನಿಕ್‌ನ ಅರ್ಧ ಕೆಲಸ ಮುಗಿದಂತೆ, ನಿಮ್ಮ ಖರ್ಚೂ ಅಷ್ಟು ಉಳಿದಂತೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ, ಅದರಲ್ಲೂ ಮಳೆಗಾಲದಲ್ಲಿ, ಕೀಚ್ ಎಂದು ಕಿರುಚಿದರೆ ಬಹುತೇಕ ಬೆಲ್ಟಿನದು. ಸಡಿಲವಾಗಿರುತ್ತದೆ ಅಥವಾ ಸವೆದು ಬಿರುಕು ಬಿಟ್ಟಿರುತ್ತದೆ. ಸಣ್ಣ ಖರ್ಚಿನ ಕೆಲಸ. ಆದರೆ ಅನೇಕ ಗಾಡಿಗಳಲ್ಲಿ ನೀರಿನ ಪಂಪನ್ನೂ ಅದೇ ಬೆಲ್ಟು ತಿರುಗಿಸುತ್ತದೆ. ಘಾಟಿಯಲ್ಲಿ ಅದು ಹರಿದರೆ ಎಂಜಿನ್ ಕಾದುಹೋಗುತ್ತದೆ. ಗರಗರ ಎಂದು ಒಂದೇ ಸಮನೆ ಅರೆದಂತೆ ಕೇಳಿಸಿದರೆ ಪಂಪಿನದೋ ಆಲ್ಟರ್ನೇಟರಿನದೋ ಬೇರಿಂಗ್ ಹೋಗುತ್ತಿರಬಹುದು.

ಹೊಲಿಗೆ ಯಂತ್ರದಂತೆ ಟಿಕ್ ಟಿಕ್ ಎಂದರೆ ಟ್ಯಾಪೆಟ್. ಅದಕ್ಕೂ ಮುಂಚೆ ಆಯಿಲ್ ನೋಡಿ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಐದಾರು ನಿಮಿಷ ಬಿಟ್ಟು, ಡಿಪ್‌ಸ್ಟಿಕ್ ಎಳೆದು ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆಯಿರಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಇದಕ್ಕೆ ಮೆಕ್ಯಾನಿಕ್ ಬೇಕಿಲ್ಲ, ಗಂಡಸರೇ ಬೇಕೆಂದೂ ಇಲ್ಲ. ಬಾನೆಟ್ ಎತ್ತುವಾಗ ಮಾತ್ರ ದುಪ್ಪಟ್ಟಾ, ಸೆರಗು, ಬುರ್ಖಾದ ತೋಳುಗಳನ್ನು ಬಿಗಿಯಾಗಿ ಕಟ್ಟಿಕೊಳ್ಳಿ, ಎಂಜಿನ್ ನಿಂತೇ ಇರಲಿ. ಕೆಲವು ಗಾಡಿಗಳಲ್ಲಿ ಎಂಜಿನ್ ಆರಿಸಿದ ಮೇಲೂ ರೇಡಿಯೇಟರಿನ ಫ್ಯಾನು ತಾನಾಗಿ ತಿರುಗುವುದುಂಟು. (ಓಮ್ನಿಯಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಹಾಗಾಗಿ ಅದರ ಸದ್ದು ಸಹಜವಾಗಿಯೇ ಜೋರು. ಡೀಸೆಲ್ ಗಾಡಿಯ ಕಟಕಟವೂ ಅದರ ಹುಟ್ಟುಗುಣ. ಗಾಬರಿ ಬೇಡ.)

ಏರುದಾರಿಯಲ್ಲಿ, ಡಬ್ಬದಲ್ಲಿ ಕಲ್ಲು ಹಾಕಿ ಅಲುಗಾಡಿಸಿದಂತೆ ಕೇಳಿಸಿದರೆ ಸಿಲಿಂಡರಿನೊಳಗೆ ಪೆಟ್ರೋಲು ಹೊತ್ತಬೇಕಾದ ರೀತಿಯಲ್ಲಿ ಹೊತ್ತುತ್ತಿಲ್ಲ ಎಂದರ್ಥ. ತಕ್ಷಣ ಕೆಳಗಿನ ಗೇರಿಗೆ ಬರಬೇಕು. ಮೇಲಿನ ಗೇರಿನಲ್ಲೇ ಎಳೆಸುವ ಅಭ್ಯಾಸ ಪೆಟ್ರೋಲ್ ಉಳಿತಾಯವೆಂದು ಅನೇಕರ ನಂಬಿಕೆ. ಉಳಿದದ್ದಕ್ಕಿಂತ ಹೆಚ್ಚು ಗ್ಯಾರೇಜಿಗೆ ಹೋಗುತ್ತದೆ. ಗೇರು ಇಳಿಸಿದರೂ ಸದ್ದು ನಿಲ್ಲದಿದ್ದರೆ ಎಂಜಿನ್ ಕಾದಿದೆಯೋ, ಒಳಗೆ ಕಾರ್ಬನ್ ಕಟ್ಟಿದೆಯೋ ನೋಡಿಸಬೇಕು.

ಎರಡು ಸದ್ದುಗಳಿಗೆ ಮಾತ್ರ ಯಾವ ರಿಯಾಯಿತಿಯೂ ಬೇಡ. ಒಂದು, ಆಳದಿಂದ ಸುತ್ತಿಗೆಯಲ್ಲಿ ಬಡಿದಂತೆ ಡಬ್ ಡಬ್ ಎಂದು, ಆಕ್ಸಿಲರೇಟರ್ ಒತ್ತಿದಷ್ಟೂ ಬಲವಾಗುವ ಸದ್ದು. ಜೊತೆಗೆ ಕೆಂಪು ಆಯಿಲ್ ದೀಪವೂ ಹೊತ್ತಿದರೆ "ಮನೆ ಮುಟ್ಟಿಸೋಣ" ಎಂಬ ಮಾತೇ ಬೇಡ. ಎಂಜಿನ್ ಆರಿಸಿ, ಗಾಡಿ ಎಳೆಸಿಕೊಂಡು ಹೋಗಿ. ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದು ಹೀಗಾಗುತ್ತದೆ. ಹಾಗೇ ಓಡಿಸಿದರೆ ಇಡೀ ಎಂಜಿನ್ನೇ ಹೋದೀತು.

ಇನ್ನೊಂದು, ಪುಫ್ ಪುಫ್ ಎಂದು ಹೊಗೆ ಸೋರುವ ಸದ್ದು. ಸೈಲೆನ್ಸರ್ ಕಡೆಯದೆಂದು ಜನ ಇದನ್ನು ತಮಾಷೆಗೆ ಬಿಡುತ್ತಾರೆ. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕೊಳವೆ ತೂತಾಗಿ ಅದು ಗಾಡಿಯೊಳಗೆ ಸೇರಿದರೆ ತಲೆನೋವು, ವಾಕರಿಕೆ, ಮಂಪರು. ಹಿಂದಿನ ಸೀಟಿನಲ್ಲಿ ಮಲಗಿದ ಮಗು ನಿದ್ದೆ ಮಾಡುತ್ತಿದೆ ಎಂದೇ ನಾವು ತಿಳಿಯುತ್ತೇವೆ. ಪ್ರಾಣಕ್ಕೇ ಎರವಾಗುವ ವಿಷ ಅದು. ಹೀಗಾದರೆ ಕಿಟಕಿಗಳನ್ನೆಲ್ಲ ತೆರೆದು, ಸುರಕ್ಷಿತ ಜಾಗ ಕಂಡೊಡನೆ ನಿಲ್ಲಿಸಿ ಎಂಜಿನ್ ಆರಿಸಿ, ಎಲ್ಲರೂ ಗಾಳಿಗೆ ಬನ್ನಿ. ಕೊಳವೆ ಸರಿಯಾಗುವವರೆಗೆ ಆ ಗಾಡಿಯಲ್ಲಿ ಮಕ್ಕಳನ್ನು ಕೂರಿಸಬೇಡಿ. ಕಿಟಕಿ ಮುಚ್ಚಿ, ಎ.ಸಿ. ಹಾಕಿ, ನಿಂತ ಗಾಡಿಯಲ್ಲಿ ನಿದ್ದೆ ಮಾಡುವ ರೂಢಿಯೂ ಬೇಡ.

ಬುಸ್ ಎಂದು ಹಬೆ ಎದ್ದರೆ ರೇಡಿಯೇಟರ್. ಬಿಸಿಯಿರುವಾಗ ಅದರ ಮುಚ್ಚಳ ಮುಟ್ಟಬಾರದು, ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಎಂಜಿನ್ ಆರಿಸಿ, ಪೂರ್ತಿ ತಣಿದ ಮೇಲೆ ಮುಚ್ಚಳ ತೆಗೆದು ನೀರು ನೋಡಿ. ಕಾಡಿನೊಳಗೆ ಹೀಗಾದರೆ ಪಕ್ಕಕ್ಕೆ ನಿಲ್ಲಿಸಿ ಎಲ್ಲರೂ ಗಾಡಿಯಲ್ಲೇ ಕುಳಿತು, ಹಾದುಹೋಗುವ ಬಸ್ಸಿನವರ ಮೂಲಕ ಚೆಕ್‌ಪೋಸ್ಟಿಗೆ ಸುದ್ದಿ ಕಳಿಸಿ.