ವಿಷ್ಣುವರ್ಧನನೂ ಜಿನಧರ್ಮವೂ: ಕೆಲವು ರೂಢಮೂಲ ತಪ್ಪು ಗ್ರಹಿಕೆಗಳ ಪರಿಶೀಲನೆ

ಹೊಯ್ಸಳ ಚಕ್ರವರ್ತಿ ವಿಷ್ಣುವರ್ಧನನ ವಿಷಯದಲ್ಲಿ ಜನಜನಿತವಾಗಿರುವ ಕಥೆ ಸುವಿದಿತವಾದುದು. ಬಿಟ್ಟಿದೇವನೆಂಬ ಜೈನ ಅರಸನು ಶ್ರೀರಾಮಾನುಜಾಚಾರ್ಯರ ಪ್ರಭಾವಕ್ಕೊಳಗಾಗಿ ವೈಷ್ಣವನಾದನು; ವಿಷ್ಣುವರ್ಧನನೆಂದು ಹೆಸರನ್ನು ಬದಲಿಸಿಕೊಂಡನು; ಅನಂತರ ಬಸದಿಗಳನ್ನು ಕೆಡವಿಸಿ, ಮತವನ್ನು ಬಿಡಲೊಪ್ಪದ ಜೈನರನ್ನು ಗಾಣಕ್ಕೆ ಹಾಕಿಸಿದನು - ಇದು ಕಥೆಯ ಸಾರ. ಭಾಷಣಗಳಲ್ಲಿಯೂ ಜನಪ್ರಿಯ ಗ್ರಂಥಗಳಲ್ಲಿಯೂ ಇದು ಚರಿತ್ರೆಯೆಂಬಂತೆ ಉಲ್ಲೇಖಗೊಳ್ಳುತ್ತಿದೆ. ಒಂದು ಸಮಾಜದ ಮೇಲೆ ಇಷ್ಟು ಘೋರವಾದ ಆರೋಪವನ್ನು ಹೊರಿಸುವ, ಮತ್ತೊಂದು ಸಮಾಜದ ಪೂರ್ವಸ್ಮೃತಿಯನ್ನು ರೂಪಿಸುವ ಕಥೆಯನ್ನು ಆಧಾರ ಪರಿಶೀಲನೆಯಿಲ್ಲದೆ ಅಂಗೀಕರಿಸುವುದು ಉಚಿತವಲ್ಲ. ಸಮಕಾಲೀನ ಶಾಸನಗಳ ಬೆಳಕಿನಲ್ಲಿ ಇದರ ಒಂದೊಂದು ಅಂಶವನ್ನೂ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲನೆಯದು ನಾಮಾಂತರದ ಪ್ರಶ್ನೆ. 'ಬಿಟ್ಟಿ' ಎಂಬುದು 'ವಿಷ್ಣು' ಶಬ್ದದ ತದ್ಭವವೆಂದು ವಿದ್ವಾಂಸರು ಬಹು ಹಿಂದೆಯೇ ತೋರಿಸಿದ್ದಾರೆ. ವಕಾರವು ಬಕಾರವಾಗುವುದು, 'ಷ್ಣ' ಎಂಬ ಸಂಯುಕ್ತಾಕ್ಷರವು 'ಟ್ಟ' ಎಂದು ಮಾರ್ಪಡುವುದು ಕನ್ನಡದಲ್ಲಿ ಅಪೂರ್ವವಲ್ಲ. ಏಳನೆಯ ಶತಮಾನದಲ್ಲಿ ವೆಂಗಿಯ ಚಾಳುಕ್ಯ ಮನೆತನವನ್ನು ಸ್ಥಾಪಿಸಿದ ಕುಬ್ಜವಿಷ್ಣುವರ್ಧನನಿಗೂ ಬಿಟ್ಟರಸನೆಂಬ ಹೆಸರಿದ್ದುದು ಇದಕ್ಕೆ ಬಲವಾದ ನಿದರ್ಶನ. ಆದುದರಿಂದ ಬಿಟ್ಟಿಗ, ವಿಷ್ಣುವರ್ಧನ ಎಂಬಿವು ಒಂದೇ ಹೆಸರಿನ ದೇಶ್ಯ ಮತ್ತು ಸಂಸ್ಕೃತ ರೂಪಗಳು. ಹೆಸರಿನ ವ್ಯತ್ಯಾಸವನ್ನೇ ಮತಾಂತರಕ್ಕೆ ಪ್ರಮಾಣವೆಂದು ಹಿಡಿಯುವ ವಾದ ಇಲ್ಲಿಗೆ ಬಿದ್ದುಹೋಗುತ್ತದೆ.

ಎರಡನೆಯದು ಅರಸನ ವೈಷ್ಣವ ನಿಷ್ಠೆ. ಇದನ್ನು ಅಲ್ಲಗಳೆಯುವಂತಿಲ್ಲ. ಕ್ರಿ.ಶ. ೧೧೧೭ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾಯಿತು. ತಲಕಾಡಿನ ಕೀರ್ತಿನಾರಾಯಣ ದೇವಾಲಯವೂ ಇವನ ಹೆಸರಿನೊಡನೆ ಸೇರಿದೆ. 'ವಿಷ್ಣುವರ್ಧನನು ಕಡೆಯವರೆಗೂ ಜೈನನಾಗಿಯೇ ಉಳಿದನು' ಎಂದು ಸಾಧಿಸಹೊರಡುವವರು ಈ ನಿರ್ಮಾಣಗಳನ್ನು ಮರೆಯುತ್ತಾರೆ. ಅದೂ ಒಂದು ತಪ್ಪು ಗ್ರಹಿಕೆಯೇ. ಆದರೆ ಒಂದು ದೈವದಲ್ಲಿ ಭಕ್ತಿಯಿಡುವುದು ಬೇರೆ, ಮತ್ತೊಂದು ಧರ್ಮವನ್ನು ಹಿಂಸಿಸುವುದು ಬೇರೆ. ಮೊದಲನೆಯದಕ್ಕೆ ಆಧಾರವಿದೆಯೆಂಬ ಕಾರಣದಿಂದ ಎರಡನೆಯದು ತಾನಾಗಿಯೇ ಸಿದ್ಧವಾಗುವುದಿಲ್ಲ.

ಹಿಂಸೆಯ ವಿಷಯದಲ್ಲಿ ಶಾಸನಗಳು ಹೇಳುವುದು ಇದಕ್ಕೆ ತೀರ ವಿರುದ್ಧವಾದುದು. ತಲಕಾಡನ್ನು ಚೋಳರಿಂದ ಬಿಡಿಸಿಕೊಂಡ ಮಹಾಪ್ರಧಾನ ದಂಡನಾಯಕ ಗಂಗರಾಜನು ಪರಮ ಜಿನಭಕ್ತ. ಮೆಚ್ಚಿ ವರವನ್ನು ಬೇಡೆಂದ ಅರಸನಿಂದ ಇವನು ಪರಮವೆಂಬ ಗ್ರಾಮವನ್ನು ಪಡೆದು, ತನ್ನ ತಾಯಿಯೂ ಪತ್ನಿಯೂ ಮಾಡಿಸಿದ ಜಿನಾಲಯಗಳಿಗೆ ೧೧೧೮ರಲ್ಲಿ ದತ್ತಿಬಿಟ್ಟನು. ಬೆಳಗೊಳದಲ್ಲಿ ಗೊಮ್ಮಟದೇವರಿಗೆ ಸುತ್ತಾಲಯವನ್ನು ಕಟ್ಟಿಸಿದವನೂ ಇವನೇ. ಪಟ್ಟಮಹಿಷಿ ಶಾಂತಲದೇವಿ ೧೧೨೩ರಲ್ಲಿ ಅಲ್ಲಿಯೇ ಸವತಿಗಂಧವಾರಣ ಬಸದಿಯನ್ನು ನಿರ್ಮಿಸಿ ಶಾಂತಿನಾಥನನ್ನು ಪ್ರತಿಷ್ಠಿಸಿದಳು. ಅವಳ ಗುರುಗಳು ಪ್ರಭಾಚಂದ್ರ ಸಿದ್ಧಾಂತದೇವರು. ೧೧೨೫ರಲ್ಲಿ ಸ್ವತಃ ವಿಷ್ಣುವರ್ಧನನೇ ಅರುಂಗಳಾನ್ವಯದ ಶ್ರೀಪಾಲ ತ್ರೈವಿದ್ಯದೇವರಿಗೆ ಶಲ್ಯ ಗ್ರಾಮವನ್ನು ಕೊಟ್ಟನು. ಬಸದಿಯ ಜೀರ್ಣೋದ್ಧಾರ ಹಾಗೂ ಋಷಿಗಳ ಆಹಾರದಾನ ಆ ದತ್ತಿಯ ಉದ್ದೇಶ. ಇವೆಲ್ಲವೂ ಬೇಲೂರಿನ ಪ್ರತಿಷ್ಠೆಗೆ ಈಚಿನ ವರ್ಷಗಳಿಗೆ ಸೇರಿದವು.

ಇವುಗಳಲ್ಲಿ ಕಿರೀಟಪ್ರಾಯವಾದುದು ೧೧೩೩ರ ಹಳೇಬೀಡಿನ ಶಾಸನ. ಗಂಗರಾಜನ ಮಗ ಬೊಪ್ಪನು ತಂದೆಯ ನೆನಪಿಗಾಗಿ ರಾಜಧಾನಿ ದೋರಸಮುದ್ರದ ಮಧ್ಯದಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಪ್ರತಿಷ್ಠೆಯ ಶೇಷಾಕ್ಷತೆಯನ್ನು ತೆಗೆದುಕೊಂಡು ಅರ್ಚಕರು ಬಂಕಾಪುರದಲ್ಲಿದ್ದ ಅರಸನ ಬಳಿಗೆ ಹೋದರು. ಅದೇ ಸಮಯಕ್ಕೆ ವಿಷ್ಣುವರ್ಧನನು ಮಸಣನೆಂಬ ಎದುರಾಳಿಯ ಮೇಲೆ ಜಯಗಳಿಸಿದ್ದನು. ರಾಣಿ ಲಕ್ಷ್ಮೀದೇವಿಯಲ್ಲಿ ಪುತ್ರೋತ್ಸವವೂ ಆಗಿದ್ದಿತು. ಅರಸನು ಶೇಷೆಯನ್ನು ಆದರದಿಂದ ಸ್ವೀಕರಿಸಿ, ಜಯವೂ ಪುತ್ರಜನನವೂ ಈ ದೇವರ ಪ್ರತಿಷ್ಠೆಯ ಫಲವೆಂದು ಭಾವಿಸಿ, ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟು, ಜಾವಗಲ್ಲನ್ನು ದತ್ತಿಯಾಗಿ ಕೊಟ್ಟನು. ಜೈನರನ್ನು ಗಾಣಕ್ಕೆ ಹಾಕಿದನೆನ್ನುವ ಅರಸನ ರಾಜಧಾನಿಯಲ್ಲಿಯೇ, ಅವನ ಆಳ್ವಿಕೆಯಲ್ಲಿಯೇ ನಡೆದ ಪ್ರಸಂಗವಿದು. ಆ ಬಸದಿ ಇಂದಿಗೂ ನಿಂತಿದೆ.

ಮೂರನೆಯದು ಶಾಂತಲದೇವಿಯ ಮರಣ. ಮಕ್ಕಳಿಲ್ಲದ ದುಃಖದಿಂದ ಅವಳು ಶಿವಗಂಗೆಯ ಬೆಟ್ಟದಿಂದ ಧುಮುಕಿದಳೆಂಬ ಕಥೆಯುಂಟು. ೧೧೩೧ರಲ್ಲಿ ಶಿವಗಂಗೆಯ ತೀರ್ಥದಲ್ಲಿ ಅವಳು ಸ್ವರ್ಗಸ್ಥಳಾದುದನ್ನು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಧುಮುಕಿದ ಸಂಗತಿ ಅದರಲ್ಲಿಲ್ಲ. ಮಗಳ ಅಗಲಿಕೆಯನ್ನು ತಾಳಲಾರದೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸಲ್ಲೇಖನ ವ್ರತದಿಂದ ದೇಹವನ್ನು ತ್ಯಜಿಸಿದ ವಿವರವೂ ಅಲ್ಲಿದೆ. ಮಾಚಿಕಬ್ಬೆಯ ಪತಿ ಮಾರಸಿಂಗಯ್ಯನು ಶೈವನು. ತಂದೆ ಶೈವ, ತಾಯಿ ಜೈನೆ, ಮಗಳು ಜೈನೆ, ಅಳಿಯ ವಿಷ್ಣುಭಕ್ತ - ಒಂದೇ ಕುಟುಂಬದ ಈ ಚಿತ್ರವನ್ನು ಕಣ್ಣಮುಂದಿಟ್ಟುಕೊಂಡರೆ, ಹನ್ನೆರಡನೆಯ ಶತಮಾನದ ಧಾರ್ಮಿಕ ಜೀವನಕ್ಕೆ ಇಂದಿನ 'ಮತಾಂತರ'ವೆಂಬ ಮಾತು ಎಷ್ಟರಮಟ್ಟಿಗೆ ಹೊಂದುತ್ತದೆಯೆಂಬುದು ವಿಚಾರಾರ್ಹ.

ಹಾಗಾದರೆ ಹಿಂಸೆಯ ಕಥೆ ಎಲ್ಲಿಂದ ಬಂದಿತು? ಇಲ್ಲಿ ಹಸ್ತಪ್ರತಿಗಳ ಅಭ್ಯಾಸಿಗಳು ಗಮನಿಸಬೇಕಾದ ಅಂಶವೊಂದಿದೆ. ವಾದದಲ್ಲಿ ಜೈನರು ಸೋತರೆಂಬ ಕಥನವು ಶ್ರೀವೈಷ್ಣವ ಗುರುಪರಂಪರೆಯ ಗ್ರಂಥಗಳಲ್ಲಿದೆ. ಆದರೆ ಜೈನರಿಗಾದ ಹಿಂಸೆಯನ್ನೂ, ಅದರಿಂದ ಅಡಗೂರಿನ ಬಳಿ ಭೂಮಿ ಬಾಯಿಬಿಟ್ಟಿತೆಂಬುದನ್ನೂ, ಕೊನೆಗೆ ಬೆಳಗೊಳದ ಗುರುಗಳೇ ಆ ಉತ್ಪಾತವನ್ನು ಶಮನಗೊಳಿಸಿದರೆಂಬುದನ್ನೂ ಹೇಳುವುದು ಶ್ರವಣಬೆಳಗೊಳದ ಸ್ಥಳಪುರಾಣದ ಪರಂಪರೆ. ಒಂದು ಕಡೆಗೆ ಅದು ಆಚಾರ್ಯರ ವಿಜಯದ ಕಥೆ; ಇನ್ನೊಂದು ಕಡೆಗೆ ಕ್ಷೇತ್ರಮಹಿಮೆಯ ಕಥೆ. ಎರಡೂ ಅರಸನ ಕಾಲಕ್ಕೆ ಬಹಳ ಈಚಿನವು. ಎರಡು ಪಕ್ಷಗಳೂ ಹೇಳುತ್ತಿರುವುದರಿಂದ ನಿಜವಿರಬೇಕೆಂಬ ತರ್ಕ ಸಲ್ಲದು. ಒಂದೊಂದು ಪಕ್ಷಕ್ಕೂ ಕಥೆಯಿಂದ ಪ್ರಯೋಜನವಿದ್ದುದನ್ನು ಮರೆಯಬಾರದು. ಸ್ವಪಕ್ಷದ ಭಂಡಾರದಲ್ಲಿ ದೊರೆತ ಓಲೆಯೆಂಬ ಮಾತ್ರಕ್ಕೆ ಅದರ ಪ್ರಾಮಾಣ್ಯ ಹೆಚ್ಚುವುದಿಲ್ಲ. ಕೃತಿ ರಚಿತವಾದ ಕಾಲ, ಪ್ರತಿಯಾದ ಕಾಲ, ವರ್ಣಿತ ಘಟನೆಯ ಕಾಲ - ಈ ಮೂರನ್ನೂ ಬೇರ್ಪಡಿಸಿ ನೋಡಿದ ಮೇಲೆಯೇ ಅದರ ಬೆಲೆ ನಿಶ್ಚಯವಾಗುತ್ತದೆ.

ಇದರಿಂದ ಜೈನರಿಗೆ ಎಂದೂ ತೊಂದರೆಯೇ ಆಗಲಿಲ್ಲವೆಂದು ತಿಳಿಯಲಾಗದು. ಶಕ ೧೨೯೦, ಅಂದರೆ ಕ್ರಿ.ಶ. ೧೩೬೮ರ ಶ್ರವಣಬೆಳಗೊಳದ ಶಾಸನವೇ ಇದಕ್ಕೆ ಸಾಕ್ಷಿ. ಶ್ರೀವೈಷ್ಣವರಿಂದ ತಮಗಾದ ಅನ್ಯಾಯವನ್ನು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಕಡೆಗಳ ಜೈನರು ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ಅರಸನು ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಪಂಚಮಹಾವಾದ್ಯ ಮತ್ತು ಕಲಶಗಳ ಹಕ್ಕನ್ನು ಜೈನರಿಗೆ ಸ್ಥಿರಪಡಿಸಿದನು. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನಿಡಿಸುವ, ಉಳಿದುದರಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಹೊಡೆಸುವ ಹೊಣೆ ತಿರುಮಲೆಯ ತಾತಯ್ಯನದಾಯಿತು. ವಿವಾದವಿದ್ದುದರಿಂದಲೇ ತೀರ್ಪು ಬೇಕಾಯಿತು. ಆದರೆ ವಿಷ್ಣುವರ್ಧನನ ಕಾಲಕ್ಕೂ ಈ ವಿವಾದಕ್ಕೂ ನಡುವೆ ಎರಡು ಶತಮಾನಗಳಿಗೂ ಮಿಕ್ಕ ಅಂತರವಿದೆ. ಈಚಿನ ಕಾಲದ ನೋವನ್ನು ಹಿಂದಿನ ಅರಸನ ತಲೆಗೆ ಕಟ್ಟುವುದು ಚರಿತ್ರೆಯಾಗದು.

ಮೇಲಿನ ವಿವೇಚನೆಯಿಂದ ಫಲಿಸುವುದಿಷ್ಟು: ವಿಷ್ಣುವರ್ಧನನು ವಿಷ್ಣುಭಕ್ತನಾಗಿದ್ದನು, ಜಿನಾಲಯಗಳಿಗೆ ದಾನಿಯೂ ಆಗಿದ್ದನು, ಅವನ ಹಿಂಸೆಯನ್ನು ಹೇಳುವ ಕಥನಗಳು ಈಚಿನವು, ಅವನ ದಾನವನ್ನು ಹೇಳುವ ಶಾಸನಗಳು ಸಮಕಾಲೀನವಾದವು. ಸುಳ್ಳು ಆರೋಪವೊಂದನ್ನು ಉಳಿಸಿಕೊಳ್ಳುವುದರಿಂದ ಜಿನಧರ್ಮಕ್ಕೆ ಯಾವ ಲಾಭವೂ ಇಲ್ಲ. ೧೩೬೮ರಲ್ಲಿ ನಿಜವಾಗಿ ನೊಂದವರ ಬಿನ್ನಹಕ್ಕೆ ಬೆಲೆಯುಳಿಯಬೇಕಾದರೆ, ೧೧೩೩ರಲ್ಲಿ ನಿಜವಾಗಿ ಕೊಟ್ಟವನ ಹೆಸರಿಗೂ ನ್ಯಾಯ ಸಲ್ಲಬೇಕು.