ಮಲೆನಾಡಿನಲ್ಲಿ ಅಳಿಲಿನ ಬೇಟೆಯೂ ಉಣುಗಿನ ಅಪಾಯವೂ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಅಡಿಕೆ ತೋಟವಿರುವ ಕಡೆಯಲ್ಲೆಲ್ಲಾ ಕಾಡು ಬಹು ಸಮೀಪದಲ್ಲಿರುವುದು. ತೋಟದ ಬೇಲಿಯಾಚೆ ಸೊಪ್ಪಿನಬೆಟ್ಟ. ಅದರಾಚೆ ಮತ್ತಿ, ನಂದಿ, ಹೊನ್ನೆ, ಜಂಬೆ, ಬೀಟೆ ಮೊದಲಾದ ಗಟ್ಟಿಮರಗಳ ಅರಣ್ಯ. ಮರದಿಂದ ಮರಕ್ಕೆ ಹಾರಿ ಬರುವ ಪ್ರಾಣಿಗೆ ಇವುಗಳ ಎಲ್ಲೆಕಲ್ಲು ಕಾಣುವುದಿಲ್ಲ. ಆದುದರಿಂದ ಈ ಪ್ರಾಂತದ ತೋಟಗಾರರು ಕೋತಿ, ಮುಸಿಯಗಳ ಕಾಟದೊಡನೆ ಅಳಿಲಿನ ಕಾಟವನ್ನೂ ಅನುಭವಿಸುತ್ತ ಬಂದಿರುವರು. ಅಳಿಲನ್ನು ಹೊಡೆದು ಮಾಂಸವನ್ನು ತಿನ್ನುವ ರೂಢಿಯೂ ಕೆಲವರಲ್ಲಿ ಇದ್ದಿತು. ಅದು ಸಂಪೂರ್ಣವಾಗಿ ನಿಂತಿದೆಯೆಂದು ಹೇಳುವಂತಿಲ್ಲ. ಈ ಬೇಟೆಯಿಂದ ಕೈಗೆ ಬರುವುದೆಷ್ಟು, ಅದರಲ್ಲಿ ಪ್ರಾಣಕ್ಕೆ ಇರುವ ಅಪಾಯವೇನು, ಕೋವಿಯನ್ನು ಹಿಡಿಯದೆ ಫಸಲನ್ನು ಉಳಿಸಿಕೊಳ್ಳುವ ಬಗೆ ಯಾವುದು ಎಂಬುದನ್ನು ಹಿಡುವಳಿದಾರರೂ ಊರಿನ ಯಜಮಾನರೂ ತಿಳಿದಿರುವುದು ಅವಶ್ಯಕವಾದುದರಿಂದ ಆ ಸಂಗತಿಗಳನ್ನು ಇಲ್ಲಿ ವಿವರಿಸಿದೆ.

ಅಳಿಲೆಂದು ಕರೆಯಲ್ಪಡುವ ಪ್ರಾಣಿಗಳೆಲ್ಲಾ ಒಂದೇ ಜಾತಿಯವಲ್ಲ. ಬೆನ್ನಿನ ಮೇಲೆ ಪಟ್ಟೆಗಳುಳ್ಳ ಚಿಕ್ಕ ಅಳಿಲು ಮನೆಯ ಮಾಡಿನಲ್ಲಿಯೂ ತೋಟದಲ್ಲಿಯೂ ಕಾಡಿನಲ್ಲಿಯೂ ಓಡಾಡುವುದು. ಬೇಟೆಗಾರನು ಬಯಸುತ್ತಿದ್ದುದು ಇದನ್ನಲ್ಲ, ಕೆಂಜಳಿಲನ್ನು. ಕೆಲವರು ಇದನ್ನು ಕೆಂದಳಿಲೆಂದೂ ಹೇಳುವರು. ಇದರ ಮೈ ಒಂದು ಅಡಿಗೆ ಮಿಕ್ಕಿರುವುದು; ಬಾಲವು ಮೈಗಿಂತಲೂ ಉದ್ದ. ಬೆಳೆದ ಪ್ರಾಣಿಯ ತೂಕ ಸುಮಾರು ಒಂದೂವರೆಯಿಂದ ಎರಡು ಕಿಲೋಗ್ರಾಂ. ನೆಲಕ್ಕೆ ಇಳಿಯುವುದು ಅಪರೂಪ. ಒಂದು ಮರದಿಂದ ಮತ್ತೊಂದಕ್ಕೆ ಸುಮಾರು ೨೦ ಅಡಿ ದೂರವನ್ನು ಸಲೀಸಾಗಿ ಹಾರುವುದು. ಕಡ್ಡಿ ಮತ್ತು ಎಲೆಗಳಿಂದ ಎತ್ತರದ ಕೊಂಬೆಗಳಲ್ಲಿ ಗೂಡನ್ನು ಕಟ್ಟುವುದು. ಒಂದೇ ಪ್ರಾಣಿಯು ಹಲವು ಗೂಡುಗಳನ್ನು ಮಾಡಿಟ್ಟುಕೊಳ್ಳುವುದುಂಟು. ಗೂಡುಗಳನ್ನು ಎಣಿಸಿ, ಕಾಡಿನಲ್ಲಿ ಅಳಿಲುಗಳು ವಿಪರೀತವಾಗಿವೆ ಎಂದು ದೂರುವವರು ಈ ಸಂಗತಿಯನ್ನು ನೆನಪಿನಲ್ಲಿಡತಕ್ಕದ್ದು. ಇದು ಇಲಿಯ ಹಾಗೆ ಹೆಚ್ಚುವ ಪ್ರಾಣಿಯಲ್ಲ. ಒಂದು ಸೂಲಿಗೆ ಒಂದೆರಡು ಮರಿಗಳು ಮಾತ್ರ.

ಹಿಂದಿನವರು ಇದನ್ನು ಬೇಟೆಯಾಡುತ್ತಿದ್ದ ಕ್ರಮವು ಪ್ರಾಣಿಯ ಸ್ವಭಾವಕ್ಕೆ ಅನುಗುಣವಾಗಿದ್ದಿತು. ಕೆಂಜಳಿಲು ಬೆಳಗಿನ ಜಾವದಲ್ಲಿಯೂ ಸಂಜೆಯ ಮುಂಚೆಯೂ ಮೇಯುವುದು, ನಡುಹಗಲಿನಲ್ಲಿ ಕೊಂಬೆಯ ಮೇಲೆ ಮಲಗುವುದು. ಸಪ್ಪಳ ಕೇಳಿಸಿದೊಡನೆ ಓಡಿಹೋಗುವುದಕ್ಕೆ ಬದಲಾಗಿ ಕೊಂಬೆಗೆ ಮೈಯನ್ನು ಅಂಟಿಸಿಕೊಂಡು ಮಿಸುಕದೆ ಇರುವುದು. ಆದುದರಿಂದ ಇಬ್ಬರು ಕೂಡಿ ಹೋಗಿ, ಒಬ್ಬನು ಮರದ ಬುಡದಲ್ಲಿ ಬಳ್ಳಿಯನ್ನು ಜಗ್ಗುತ್ತ ಸುತ್ತು ಬಂದರೆ ಮತ್ತೊಬ್ಬನು ಕೇಪಿನ ಕೋವಿಯನ್ನೋ ತೋಟಾಕೋವಿಯನ್ನೋ ಹಿಡಿದು ಕಾಯುವನು. ಹೊಡೆದದ್ದು ಕೆಳಗೆ ಬೀಳದೆ ಕೊಂಬೆಯ ಕವಲಿನಲ್ಲಿ ಸಿಕ್ಕಿಕೊಂಡರೆ ಮರ ಹತ್ತಬೇಕು, ಇಲ್ಲವೆ ಪೊದೆಗಳಲ್ಲಿ ಕುಕ್ಕರಿಸಿ ಹುಡುಕಬೇಕು. ಮಳೆಗಾಲದಲ್ಲಿ ಎಲೆಯ ದಟ್ಟಣೆಯಿಂದ ಪ್ರಾಣಿಯು ಕಾಣದು. ಮತ್ತಿ, ನಂದಿ, ಜಂಬೆಗಳು ಎಲೆಯುದುರಿಸಿ ಬೋಳಾಗುವ ಪುಷ್ಯದಿಂದ ಫಾಲ್ಗುಣದವರೆಗಿನ ಕಾಲವೇ ಈ ಬೇಟೆಗೆ ತಕ್ಕ ಕಾಲವೆನಿಸಿತ್ತು. ಈ ಕಾಲದ ಮಾತನ್ನು ಓದುವವರು ಗಮನದಲ್ಲಿಡಬೇಕು. ಮುಂದೆ ಹೇಳತಕ್ಕ ಅಪಾಯವು ಇದನ್ನೇ ಅವಲಂಬಿಸಿರುವುದು.

ಮಾಂಸದ ವಿಷಯ. ತಂದ ಪ್ರಾಣಿಯ ರೋಮವನ್ನು ಬೆಂಕಿಯಲ್ಲಿ ಸುಟ್ಟು ಹೆರೆಯುವರು, ಅಥವಾ ಚರ್ಮವನ್ನೇ ಸುಲಿದುಹಾಕುವರು. ಕರುಳನ್ನು ತೆಗೆದು ತೊಳೆದು ತುಂಡುಮಾಡುವರು. ಕಾಯಿ, ಕೊತ್ತಂಬರಿ, ಕಾಳುಮೆಣಸು, ಶುಂಠಿ, ಬೆಳ್ಳುಳ್ಳಿಗಳನ್ನು ಹುರಿದು ಅರೆದು, ಉಪ್ಪಾಗೆಯ ಹುಳಿಯನ್ನು ಹಿಂಡಿ ಬಹಳ ಹೊತ್ತು ಬೇಯಿಸಿ, ಅಕ್ಕಿರೊಟ್ಟಿ ಅಥವಾ ಕಡುಬಿನೊಡನೆ ಉಣ್ಣುವರು. ಚರ್ಮ, ಕರುಳು, ತಲೆ, ಬಾಲಗಳನ್ನು ಕಳೆದರೆ ಉಳಿಯುವುದು ಒಂದು ನಾಟಿಕೋಳಿಯಲ್ಲಿ ದೊರೆಯುವ ಮಾಂಸಕ್ಕಿಂತ ಹೆಚ್ಚಿನದೇನೂ ಅಲ್ಲ. ವಯಸ್ಸಾದ ಪ್ರಾಣಿಯ ಮಾಂಸವಂತೂ ನಾರುನಾರಾಗಿರುವುದು. ಅಳಿಲಿನ ಸಾರಿನ ರುಚಿಯನ್ನು ಹೊಗಳುವವರು ನಿಜವಾಗಿ ಹೊಗಳುವುದು ಮೆಣಸು ಮತ್ತು ಉಪ್ಪಾಗೆಯನ್ನೇ ಎಂದರೆ ತಪ್ಪಾಗಲಾರದು. ಅದೇ ಮಸಾಲೆಯನ್ನು ಹಿತ್ತಲಿನ ಕೋಳಿಗೆ ಹಾಕಿದರೆ ರುಚಿಯಲ್ಲಿ ಕೊರತೆಯೇನೂ ಬಾರದು.

ಇನ್ನು ಕಾನೂನು. ಮೈಸೂರು ಸಂಸ್ಥಾನದಲ್ಲಿ ೧೯೦೧ರಲ್ಲಿಯೇ ಬೇಟೆಪ್ರಾಣಿ ಮತ್ತು ಮೀನುಗಳ ಸಂರಕ್ಷಣೆಗೆ ರೆಗ್ಯುಲೇಷನ್ ಇದ್ದಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದಲ್ಲಿ ಇಲಿಗಳನ್ನು ಉಪದ್ರವಿಗಳ ಪಟ್ಟಿಗೆ ಸೇರಿಸಿದರೂ ಕೆಂಜಳಿಲನ್ನು ಸಂರಕ್ಷಿತ ಪ್ರಾಣಿಗಳಲ್ಲಿಯೇ ಇರಿಸಿದರು. ಅದನ್ನು ಕೊಂದವನಿಗೂ, ಮಾಂಸವನ್ನು ಇಟ್ಟುಕೊಂಡವನಿಗೂ ಸೆರೆವಾಸ ಮತ್ತು ದಂಡ ಉಂಟು. ಕೋವಿಯೂ ವಾಹನವೂ ಮುಟ್ಟುಗೋಲಾಗುವುವು. ಬೆಳೆ ರಕ್ಷಣೆಗೆಂದು ಪಡೆದ ಕೋವಿಯ ಪರವಾನಗಿಯು ಬೇಟೆಯ ಪರವಾನಗಿಯಲ್ಲ. ಪ್ರತಿ ಚುನಾವಣೆಯಲ್ಲಿಯೂ ಕೋವಿಯನ್ನು ಠಾಣೆಗೆ ಒಪ್ಪಿಸಿ ಬರುವ ಹಿಡುವಳಿದಾರರು ಈ ಭೇದವನ್ನು ಮರೆಯುವುದು ಆಶ್ಚರ್ಯಕರವೇ ಸರಿ.

ಆದರೆ ಕಾನೂನಿಗಿಂತಲೂ ಹೆಚ್ಚಾಗಿ ಅಂಜತಕ್ಕ ಕಾರಣವೊಂದುಂಟು. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕೋತಿಗಳೂ ಮುಸಿಯಗಳೂ ಸಾಲಾಗಿ ಸತ್ತುಬಿದ್ದವು. ಸುತ್ತಣ ಹಳ್ಳಿಗಳ ಜನರು ತೀವ್ರ ಜ್ವರದಿಂದ ನರಳಿದರು, ಕೆಲವರು ಮೃತರಾದರು. ಪೂನಾದ ವೈರಸ್ ಸಂಶೋಧನ ಕೇಂದ್ರದವರು ಪರೀಕ್ಷಿಸಿ, ಇದು ಅದುವರೆಗೆ ಗೊತ್ತಿಲ್ಲದಿದ್ದ ವೈರಸ್ಸೆಂದೂ, ಉಣುಗು ಅಥವಾ ಉಣ್ಣೆಯ ಕಡಿತದಿಂದ ಮನುಷ್ಯನಿಗೆ ತಗಲುವುದೆಂದೂ ನಿರ್ಧರಿಸಿದರು. ಇದೇ ಮಂಗನ ಕಾಯಿಲೆ. ೨೦೧೮ರ ಡಿಸೆಂಬರಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಿನಲ್ಲಿ ಇದು ಕಾಣಿಸಿಕೊಂಡು, ಮುಂದಿನ ಬೇಸಗೆಯವರೆಗೆ ಹಲವರ ಪ್ರಾಣವನ್ನು ತೆಗೆದುಕೊಂಡಿತು. ತೀರ್ಥಹಳ್ಳಿ, ಹೊಸನಗರಗಳೂ ಇದರಿಂದ ತಪ್ಪಿಸಿಕೊಂಡಿಲ್ಲ.

ಮಂಗನ ಹೆಸರು ಬಂದಿರುವುದರಿಂದ ಮಂಗವೊಂದೇ ಕಾರಣವೆಂದು ಜನರು ಭಾವಿಸುವರು. ಹಾಗಲ್ಲ. ಮಂಗವು ರೋಗಕ್ಕೆ ತುತ್ತಾಗಿ ಸಾಯುವ ಪ್ರಾಣಿ. ವೈರಸ್ಸು ಕಾಡಿನಲ್ಲಿ ಸದ್ದಿಲ್ಲದೆ ಸುತ್ತಾಡುತ್ತಿರುವುದು ಉಣುಗು ಮತ್ತು ಚಿಕ್ಕ ಪ್ರಾಣಿಗಳಲ್ಲಿ. ಕಾಡಿಲಿ, ಸೊಂಡಿಲಿ, ಪಟ್ಟೆಯ ಕಾಡಳಿಲು ಇವೆಲ್ಲಾ ಈ ಸಾಲಿನಲ್ಲಿ ಸೇರಿರುವುವು. ಮರಿ ಉಣುಗು ಇಂಥ ಪ್ರಾಣಿಗಳ ರಕ್ತವನ್ನು ಹೀರಿ, ಕಳಚಿ ನೆಲಕ್ಕೆ ಬಿದ್ದು, ಬೆಳೆದು, ಮತ್ತೊಂದು ಮೈಗಾಗಿ ದರಗಿನ ಮೇಲೆ ಕಾದುಕೊಂಡಿರುವುದು. ಎಳ್ಳುಕಾಳಿಗಿಂತಲೂ ಸಣ್ಣದಾದುದರಿಂದ ಕಡಿದದ್ದು ತಿಳಿಯುವುದೇ ಇಲ್ಲ. ಮಳೆಗಾಲ ಕಳೆದ ಮೇಲೆ ಇವುಗಳ ಸಂಖ್ಯೆ ಹೆಚ್ಚುತ್ತ ಬಂದು, ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಟ ಬಲವಾಗಿರುವುದು. ಅಂದರೆ ಮರಗಳು ಬೋಳಾಗಿ ಅಳಿಲು ಕಣ್ಣಿಗೆ ಬೀಳುವ ಕಾಲವೂ, ಉಣುಗು ದರಗಿನಲ್ಲಿ ಕಾದಿರುವ ಕಾಲವೂ ಒಂದೇ. ಬೇಟೆಗಾರನು ಮೇಲೆ ನೋಡುತ್ತ ನಡೆಯುವನು. ಅಪಾಯವು ಕಾಲಿನ ಬುಡದಲ್ಲಿರುವುದು.

ಚೆನ್ನಾಗಿ ಬೇಯಿಸಿದರೆ ದೋಷವೇನು ಎಂದು ಕೇಳುವವರುಂಟು. ಬೇಯಿಸಿದರೆ ವೈರಸ್ಸು ಸಾಯುವುದು ನಿಜ. ಆದರೆ ಅಪಾಯವಿರುವುದು ಪಾತ್ರೆಯಲ್ಲಿ ಅಲ್ಲ, ಪಾತ್ರೆಗೆ ಹಾಕುವ ಮುಂಚಿನ ಕೆಲಸದಲ್ಲಿ. ಪ್ರಾಣಿಯು ಸತ್ತು ಮೈ ತಣ್ಣಗಾದೊಡನೆ ಅದರ ಮೇಲಿನ ಉಣುಗುಗಳು ಬಿಟ್ಟು ಹೊರಡುವುವು. ಹೆಗಲಿಗೆ ಹಾಕಿಕೊಂಡವನು, ಚೀಲದಲ್ಲಿ ತಂದವನು, ಅಂಗಳದಲ್ಲಿ ಸುಲಿಯುವವನು, ಹತ್ತಿರ ನಿಂತು ನೋಡುವ ಮಕ್ಕಳು, ಇವರೇ ಅವುಗಳಿಗೆ ಮೊದಲು ದೊರೆಯುವವರು. ರೋಗಗ್ರಸ್ತ ಅಥವಾ ಆಗತಾನೆ ಸತ್ತ ಪ್ರಾಣಿಯನ್ನು ಮುಟ್ಟುವುದರಿಂದಲೂ ಸೋಂಕು ತಗಲಬಹುದು. ಮಾಂಸವನ್ನು ತಿನ್ನದ ಆಳುಮಗನೂ ಕಾಯಿಲೆಗೆ ಬೀಳಲು ಇಷ್ಟೇ ಸಾಕು. ಅಳಿಲು ದಂಶಕ ಜಾತಿಗೆ ಸೇರಿದುದರಿಂದ ಇಲಿಜ್ವರದ ಭಯವೂ ಇಲ್ಲದಿಲ್ಲ. ಕೈಯಲ್ಲಿ ಗಾಯವಿದ್ದವನು ಸುಲಿಯುವುದು ಇನ್ನೂ ಕೆಟ್ಟದ್ದು.

ಮಂಗನ ಕಾಯಿಲೆಯು ಕಡಿತವಾದ ಮೂರರಿಂದ ಎಂಟು ದಿನಗಳೊಳಗೆ ಹಠಾತ್ತಾದ ಜ್ವರ, ಹಣೆನೋವು, ಮೈಕೈ ಮುರಿಯುವಂಥ ನೋವುಗಳಿಂದ ಮೊದಲಾಗುವುದು. ಕೆಲವರಿಗೆ ವಸಡಿನಿಂದಲೂ ಮೂಗಿನಿಂದಲೂ ರಕ್ತ ಸೋರುವುದು. ಇನ್ನು ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರಗಳಾದ ಮೇಲೆ ಮರುಕಳಿಸಿ ಮೆದುಳಿಗೆ ತಾಗುವುದು. ರೋಗಿಗಳಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುವರು. ವೈರಸ್ಸನ್ನೇ ನಾಶಮಾಡುವ ಔಷಧಿಯಿಲ್ಲ. ಆಸ್ಪತ್ರೆಯ ಆರೈಕೆಯೇ ಆಧಾರ. ೧೯೯೦ರಿಂದ ಕೊಡುತ್ತಿದ್ದ ಲಸಿಕೆಯು ಸಾಕಷ್ಟು ರಕ್ಷಣೆ ಕೊಡುವುದಿಲ್ಲವೆಂದು ಕಂಡುಬಂದುದರಿಂದ ೨೦೨೨ರಲ್ಲಿ ಅದನ್ನು ನಿಲ್ಲಿಸಲಾಯಿತು. ಜ್ವರ ಬಂದವನು ತಾನು ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಬೇಟೆಯು ಬಯಲಾದೀತೆಂಬ ಹೆದರಿಕೆಯಿಂದ ಸುಳ್ಳು ಹೇಳಿದರೆ ರಕ್ತಪರೀಕ್ಷೆಯು ತಡವಾಗುವುದು. ಅಂಗಡಿಯ ನೋವಿನ ಮಾತ್ರೆಗಳನ್ನು, ಮುಖ್ಯವಾಗಿ ಆಸ್ಪಿರಿನ್ ಅನ್ನು ನುಂಗಕೂಡದು. ಅದರಿಂದ ರಕ್ತಸ್ರಾವ ಹೆಚ್ಚುವುದು.

ಬೇಟೆಯನ್ನು ಬಿಟ್ಟರೂ ಸೊಪ್ಪು, ಸೌದೆ, ದರಗುಗಳಿಗಾಗಿ ಬೆಟ್ಟಕ್ಕೆ ಹೋಗದೆ ಸಾಗುವಳಿ ನಡೆಯದು. ಹೋಗುವವರು ಆರೋಗ್ಯ ಇಲಾಖೆಯಿಂದ ದೊರೆಯುವ ಡೇಪಾ ತೈಲವನ್ನು ಕೈಕಾಲು, ಕುತ್ತಿಗೆಗಳಿಗೆ ಹಚ್ಚಿಕೊಂಡು, ಮೈತುಂಬ ಬಟ್ಟೆ ತೊಟ್ಟು ಹೊರಡಬೇಕು. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವುದಕ್ಕೆ ಮುಂಚೆ ಸಿಂಪಡಿಸದೆ, ಕಾಯಿ ಉದುರಿದ ಮೇಲೆ ಸಿಂಪಡಿಸಿದರೆ ಏನು ಫಲವೋ, ಕಾಡಿನಿಂದ ಬಂದ ಮೇಲೆ ತೈಲ ಹಚ್ಚಿದರೂ ಅಷ್ಟೇ ಫಲ. ಕೆಲವು ಗಂಟೆಗಳಾದ ಮೇಲೆ ಅದರ ಶಕ್ತಿ ಕುಂದುವುದರಿಂದ ಪುನಃ ಹಚ್ಚಿಕೊಳ್ಳಬೇಕು. ಮನೆಗೆ ಬಂದೊಡನೆ ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿ, ಬಿಸಿನೀರು ಸಾಬೂನಿನಿಂದ ಮೈ ತೊಳೆದು, ಮೈಯೆಲ್ಲ ಹುಡುಕಿ ನೋಡಿಕೊಳ್ಳತಕ್ಕದ್ದು. ಕಚ್ಚಿಕೊಂಡ ಉಣುಗನ್ನು ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೆಟ್ಟಗೆ ಎಳೆಯಬೇಕು, ಉಗುರಿನಿಂದ ಕುಟ್ಟಕೂಡದು. ಬೇಸಗೆಯಲ್ಲಿ ಗುಡಿಸಿದ ದರಗನ್ನು ನೇರವಾಗಿ ಕೊಟ್ಟಿಗೆಗೆ ಹಾಕುವುದು ಉಣುಗನ್ನು ಮನೆಗೆ ಕರೆತಂದಂತೆ. ಮಂಗನ ಸಾವು ಕಂಡುಬಂದ ಕಡೆಯಿಂದಂತೂ ದರಗನ್ನು ತರಲೇ ಕೂಡದು.

ಫಸಲಿನ ನಷ್ಟದ ಮಾತಿಗೆ ಬಂದರೆ, ತಪ್ಪಿತಸ್ಥನು ಯಾರೆಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಕೋಕೋ ಕಾಯಿಯ ತೊಟ್ಟಿನ ಬಳಿ ಗುಂಡನೆಯ ತೂತಿದ್ದರೆ ಸಾಮಾನ್ಯವಾಗಿ ಅದು ಇಲಿಯ ಕೆಲಸ. ಕಾಯಿಯ ನಡುಭಾಗದಲ್ಲಿ ಕೊರೆದಿದ್ದರೆ ಅಳಿಲಿನದು. ಇಲಿ ಮಾಡಿದ್ದಕ್ಕೆ ಅಳಿಲು ಬೈಸಿಕೊಳ್ಳುವ ತೋಟಗಳು ಕಡಮೆಯಲ್ಲ. ಅಳಿಲು ಹಣ್ಣಾದ ಕಾಯಿಗೇ ಬರುವುದರಿಂದ, ಬಣ್ಣ ತಿರುಗಿದ ಕೂಡಲೆ ಕೊಯ್ಯುವುದೇ ಅತ್ಯುತ್ತಮವಾದ ರಕ್ಷಣೆ; ಕೊಯಿಲನ್ನು ಹದಿನೈದು ದಿನ ಮುಂದಕ್ಕೆ ಹಾಕಿದವನು ಅಳಿಲನ್ನು ದೂರುವುದರಲ್ಲಿ ನ್ಯಾಯವಿಲ್ಲ. ಏಲಕ್ಕಿಗೂ ಹೀಗೆಯೇ. ಒಂಟಿಯಾಗಿ ನಿಂತ ತೆಂಗಿನ ಮರಕ್ಕೆ ಆಳೆತ್ತರದಲ್ಲಿ ಸುಮಾರು ಒಂದೂವರೆ ಅಡಿ ಅಗಲದ ತಗಡನ್ನು ಸುತ್ತಿದರೆ ಇಲಿಯೂ ಅಳಿಲೂ ಹತ್ತಲಾರವು. ಆದರೆ ಕಾಡುಮರದ ಕೊಂಬೆಯು ತೆಂಗಿನ ಗರಿಗೆ ತಾಗುತ್ತಿದ್ದರೆ ತಗಡಿನ ಖರ್ಚು ದಂಡ. ಕೆಂಜಳಿಲು ಮೇಲಿನಿಂದಲೇ ಬರುವುದು. ತೋಟದ ಅಂಚಿನಲ್ಲಿ ಸ್ವಂತ ಜಮೀನಿನ ಕೊಂಬೆಗಳನ್ನು ೨೦ ಅಡಿಗಿಂತ ಹೆಚ್ಚು ಅಂತರವಾಗುವಂತೆ ಸವರಿಸತಕ್ಕದ್ದು. ಸೊಪ್ಪಿನಬೆಟ್ಟದ ಮರವಾದರೆ ಅರಣ್ಯ ಇಲಾಖೆಯನ್ನು ಕೇಳಿ ಮಾಡತಕ್ಕದ್ದು. ಬಾಳೆಹಣ್ಣಿನಲ್ಲಿ ಕೀಟನಾಶಕವನ್ನು ಬೆರೆಸಿಡುವ ದುರಭ್ಯಾಸವನ್ನು ಯಜಮಾನರು ಎಲ್ಲಿ ಕಂಡರೂ ತಡೆಯಬೇಕು. ಅದನ್ನು ತಿನ್ನುವುದು ಅಳಿಲು ಮಾತ್ರವಲ್ಲ. ದನವೂ ನಾಯಿಯೂ ತಿನ್ನುವುವು, ಮಗುವೂ ತಿಂದೀತು.

ಕಾಡಿನಲ್ಲಿಯಾಗಲಿ ತೋಟದಲ್ಲಿಯಾಗಲಿ ಸತ್ತ ಮಂಗವನ್ನು ಕಂಡರೆ ಹತ್ತಿರ ಹೋಗದೆ, ಜನರನ್ನೂ ದನಗಳನ್ನೂ ದೂರವಿರಿಸಿ, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಅರಣ್ಯ ಇಲಾಖೆಗೂ ತಿಳಿಸತಕ್ಕದ್ದು. ಅವರು ಬಂದು ಸುತ್ತಲೂ ೫೦ ಅಡಿಯವರೆಗೆ ಔಷಧಿಯ ಪುಡಿಯನ್ನು ಎರಚಿ, ಕಳೇಬರವನ್ನು ಸುಡುವ ಏರ್ಪಾಡು ಮಾಡುವವರೆಗೆ ಆ ದಾರಿಯಲ್ಲಿ ಸೊಪ್ಪಿನ ಹೊರೆಯನ್ನು ತರಿಸಕೂಡದು.